ಹಳದಿ ಬಸ್ಸಿನ ಬೆನ್ನ ಮೇಲೆ ಜೀಪು

ಅಮೆರಿಕದ ಶಾಲಾ ಬಸ್ಸಿಗೆ ಸಾಮಾನ್ಯವಾಗಿ ಹನ್ನೆರಡು ಹದಿನೈದು ವರ್ಷಕ್ಕೆ ನಿವೃತ್ತಿ. ದೊಡ್ಡ ಡೀಸೆಲ್ ಇಂಜಿನ್ನಿಗೆ ಅದು ನಡುವಯಸ್ಸು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು, ಸಂಜೆ ಮನೆಗೆ ತಲುಪಿಸಿ, ರಾತ್ರಿಯೆಲ್ಲ ಡಿಪೋದಲ್ಲಿ ನಿಂತು, ಕಾಲಕಾಲಕ್ಕೆ ತಪಾಸಣೆ ಮಾಡಿಸಿಕೊಂಡು ಬಂದ ಗಾಡಿ ಅದು. ಹೊಸತರಲ್ಲಿ ಲಕ್ಷ ಡಾಲರ್ ದಾಟುವ ಆ ಬಸ್ಸನ್ನು ಶಾಲಾ ಮಂಡಳಿ ಹರಾಜಿಗಿಟ್ಟಾಗ ಕೆಲವೇ ಸಾವಿರ ಡಾಲರಿಗೆ ಮನೆಗೆ ತರಬಹುದು. ಊರೂರು ಸುತ್ತುವ ಹುಚ್ಚಿರುವವರಿಗೆ ಇದಕ್ಕಿಂತ ಒಳ್ಳೆಯ ವ್ಯಾಪಾರ ಆ ದೇಶದಲ್ಲಿ ಇನ್ನೊಂದಿಲ್ಲ.

ಅಂಥ ಬಸ್ಸಿನೊಳಗೆ ಮನೆ ಕಟ್ಟಿಕೊಂಡವರ ಪರಂಪರೆ ಹಳೆಯದು. ಕಾದಂಬರಿಕಾರ ಕೆನ್ ಕೀಸಿ 1964ರಲ್ಲಿ ಗೆಳೆಯರ ದಂಡು ಕಟ್ಟಿಕೊಂಡು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕಿಗೆ ಹೋದದ್ದು 1939ರ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಶಾಲಾ ಬಸ್ಸಿನಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1963ರಲ್ಲಿ, ಬ್ಲೂ ಬರ್ಡ್ ಕಂಪನಿ ತನ್ನದೇ ಶಾಲಾ ಬಸ್ಸಿನ ಬಾಡಿಯನ್ನು ಆಧರಿಸಿ ಪ್ರವಾಸಿ ಮನೆಯೊಂದನ್ನು ತಯಾರಿಸಿತ್ತು. ಮುಂದೆ ವಾಂಡರ್‌ಲಾಡ್ಜ್ ಎಂದು ಹೆಸರಾದದ್ದು ಅದೇ. ಇಂದು ಹೀಗೆ ಮಾರ್ಪಟ್ಟ ಬಸ್ಸುಗಳಿಗೆಲ್ಲ ‘ಸ್ಕೂಲಿ’ ಎಂಬ ಮುದ್ದಿನ ಹೆಸರಿದೆ. ಈ ವಾರ ನಾನು ಹೇಳಹೊರಟಿರುವುದು ಅವುಗಳಲ್ಲಿ ಅಪರೂಪದ ಒಂದು ಜಾತಿಯ ಬಗ್ಗೆ. ಮುಂದಿನ ಅರ್ಧ ಮನೆ, ಹಿಂದಿನ ಅರ್ಧ ಬಯಲು ಅಟ್ಟ. ಅಟ್ಟದ ಮೇಲೆ ಜೀಪೋ ಎರಡು ಬೈಕೋ ರೇಸಿನ ಕಾರೋ ಕೂತಿರುತ್ತದೆ. ಮರುಭೂಮಿಯ ನಡುವೆ ಬಸ್ಸು ನಿಲ್ಲಿಸಿ, ಜೀಪು ಇಳಿಸಿ, ಬಸ್ಸು ಹೋಗಲಾಗದ ಕಣಿವೆಗೆ ಹೋಗಿ ಬರಬಹುದು. ಹಿಂದೆ ಟ್ರೈಲರ್ ಎಳೆಯುವ ಗೋಜಿಲ್ಲ. ಹಿಮ್ಮುಖವಾಗಿ ತಿರುಗಿಸುವಾಗ ಬೆವರುವ ಪ್ರಸಂಗವೂ ಇಲ್ಲ.

ಶಾಲಾ ಬಸ್ಸೇ ಯಾಕೆ? ಅದರ ಅಸ್ಥಿಪಂಜರಕ್ಕಾಗಿ. 1920ರ ದಶಕದಲ್ಲಿ ಜಾರ್ಜಿಯಾದ ಫೋರ್ಟ್ ವ್ಯಾಲಿಯಲ್ಲಿ ಫೋರ್ಡ್ ಕಾರು ಮಾರುತ್ತಿದ್ದ ಆಲ್ಬರ್ಟ್ ಲೂಸ್, ಮರದ ಬಾಡಿಯ ಬಸ್ಸುಗಳು ಕೆಟ್ಟ ರಸ್ತೆಯಲ್ಲಿ ಬೇಗ ಕಳಚಿಕೊಳ್ಳುವುದನ್ನು ನೋಡಿ, 1927ರಲ್ಲಿ ಉಕ್ಕಿನ ಚೌಕಟ್ಟಿನ ಬಾಡಿಯೊಂದನ್ನು ಕಟ್ಟಿದರು. ಆ ಬಸ್ಸು ಈಗ ಡಿಯರ್‌ಬಾರ್ನಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. 1939ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸಿರ್ ಕರೆದ ಸಭೆ 44 ಮಾನದಂಡಗಳನ್ನು ಗೊತ್ತುಮಾಡಿತು. ಮುಂಜಾನೆಯ ಮಬ್ಬಿನಲ್ಲೂ ಕಪ್ಪು ಅಕ್ಷರ ಎದ್ದು ಕಾಣಲೆಂದು ಆರಿಸಿದ ಹಳದಿ ಬಣ್ಣವೂ ಆ ಸಭೆಯದೇ. ಆದರೆ ನಮ್ಮ ಕೆಲಸಕ್ಕೆ ನಿಜವಾಗಿ ಮುಖ್ಯವಾದ ವರ್ಷ 1977. ಆ ಏಪ್ರಿಲಿನಿಂದ ಜಾರಿಗೆ ಬಂದ ಸುರಕ್ಷತಾ ನಿಯಮಗಳ ಪ್ರಕಾರ, ಬಸ್ಸಿನ ಖಾಲಿ ತೂಕದ ಒಂದೂವರೆ ಪಟ್ಟು ಭಾರವನ್ನು ಚಾವಣಿಯ ಮೇಲೆ ಹೇರಿದರೂ ಅದು 13 ಸೆಂಟಿಮೀಟರಿಗಿಂತ ಹೆಚ್ಚು ಕುಸಿಯಬಾರದು, ತುರ್ತು ಬಾಗಿಲುಗಳು ತೆರೆಯುವಂತಿರಬೇಕು. ತಗಡು ತಗಡಿಗೆ ಸೇರುವ ಜಾಗ ಆ ತಗಡಿನ ಬಲದ ಶೇ 60ನ್ನಾದರೂ ತಾಳಬೇಕು. ಸಾಲುಸಾಲು ರಿವೆಟ್ಟುಗಳು ಅಲಂಕಾರಕ್ಕೆ ಹೊಡೆದವಲ್ಲ. ಬಸ್ಸು ಮಗುಚಿದರೂ ಮಕ್ಕಳ ತಲೆಯ ಮೇಲೆ ಚಾವಣಿ ಬೀಳದಿರಲೆಂದು ಹೊಡೆದವು. ಅಂಗಡಿಯಲ್ಲಿ ಸಿಗುವ, ಮರದ ಪಟ್ಟಿಗೆ ತೆಳು ಹೊದಿಕೆ ಹಾಕಿದ ಎಷ್ಟೋ ಪ್ರವಾಸಿ ಮನೆಗಳಲ್ಲಿ ಈ ಗಟ್ಟಿತನ ಇಲ್ಲ.

ಈಗ ಆಯ್ಕೆ. ಬಸ್ಸುಗಳಲ್ಲಿ ಎ, ಬಿ, ಸಿ, ಡಿ ಎಂಬ ವರ್ಗಗಳಿವೆ. ನಮಗೆ ಬೇಕಾದದ್ದು ಸಿ, ಅಂದರೆ ಲಾರಿಯಂತೆ ಮೂತಿ ಮುಂದಿರುವ ಬಸ್ಸು. ಡಿ ವರ್ಗದ ಚಪ್ಪಟೆ ಮೂತಿಯ ಬಸ್ಸೂ ಆದೀತು, ಇಂಜಿನ್ ಮುಂದೆಯೇ ಇದ್ದರೆ. ಹಿಂದೆ ಇಂಜಿನ್ ಇರುವುದನ್ನು ಈ ಕೆಲಸಕ್ಕೆ ಮುಟ್ಟಲೇಬಾರದು. ಅಟ್ಟ ಬರಬೇಕಾದ ಜಾಗವನ್ನು ಇಂಜಿನ್ನೇ ಹಿಡಿದಿರುತ್ತದೆ. ಇಂಜಿನ್ನುಗಳಲ್ಲಿ ನನ್ನ ಓಟು ಇಂಟರ್‌ನ್ಯಾಷನಲ್ಲಿನ ಡಿಟಿ466ಕ್ಕೆ. ಆರು ಸಿಲಿಂಡರ್, 7.6 ಲೀಟರ್. ಒಳಗಿನ ಸ್ಲೀವುಗಳನ್ನು ಹೊರತೆಗೆದು ಬದಲಿಸಬಹುದಾದ್ದರಿಂದ ಇಂಜಿನ್ನನ್ನು ಚಾಸಿಯಿಂದ ಇಳಿಸದೆ ಹೊಸತಾಗಿಸಬಹುದು. ಹನ್ನೆರಡು ವಾಲ್ವಿನ ಕಮಿನ್ಸ್ 5.9 ಕೂಡ ನಂಬಿಕೆಯ ಇಂಜಿನ್. ಗಿಯರ್‌ಬಾಕ್ಸಿನ ವಿಷಯದಲ್ಲಿ ಮಾತ್ರ ಕಣ್ಣು ತೆರೆದಿರಬೇಕು. ಹಳೆಯ ಬಸ್ಸುಗಳಲ್ಲಿ ಹೇರಳವಾಗಿ ಸಿಗುವ ಆಲಿಸನ್ ಎಟಿ545ರಲ್ಲಿ ಟಾರ್ಕ್ ಕನ್ವರ್ಟರಿಗೆ ಲಾಕಪ್ ಇಲ್ಲ. ಬೀದಿ ಬೀದಿಯಲ್ಲಿ ನಿಂತು ಹೊರಡುವ ಶಾಲೆಯ ಕೆಲಸಕ್ಕೆ ಅದು ಸಾಕು. ಬೆನ್ನ ಮೇಲೆ ಜೀಪು ಹೊತ್ತು ರಾಕಿ ಪರ್ವತದ ಏರು ಹತ್ತಿಸಿದರೆ ಎಣ್ಣೆ ಕಾದು ಕುದಿಯುತ್ತದೆ. ಎಂಟಿ643 ಅಥವಾ ಎಂಡಿ3060 ಇರುವ ಬಸ್ಸು ಸಿಗುವ ತನಕ ಕಾಯುವುದೇ ಜಾಣತನ.

ಇಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ತುಕ್ಕು. ಹಿಮ ಬೀಳುವ ಉತ್ತರದ ರಾಜ್ಯಗಳಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪು ಬಸ್ಸಿನ ಹೊಟ್ಟೆಯನ್ನು ತಿನ್ನುತ್ತದೆ. ಅರಿಜೋನಾ, ನ್ಯೂ ಮೆಕ್ಸಿಕೊ ಕಡೆಯ ಒಣ ಹವೆಯಲ್ಲಿ ಓಡಿದ ಬಸ್ಸಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಕೊಳ್ಳುವ ಮುನ್ನ ಅಂಗಾತ ಮಲಗಿ ಕೆಳಗೆ ನುಸುಳಿ, ಸುತ್ತಿಗೆಯಿಂದ ತಟ್ಟಿ ನೋಡಬೇಕು. ನೆಲದ ರಬ್ಬರಿನ ಕೆಳಗೆ ಪ್ಲೈವುಡ್, ಅದರ ಕೆಳಗೆ ಉಕ್ಕಿನ ತಗಡು. ನೀರು ಆ ಎರಡರ ನಡುವೆ ಸೇರಿ ವರ್ಷಗಟ್ಟಲೆ ಕೂತಿರುತ್ತದೆ. ಮೇಲಿನಿಂದ ನೋಡಿದವರಿಗೆ ಅದು ಕಾಣುವುದೇ ಇಲ್ಲ.

ಅರಿಜೋನಾದ ಕ್ವಾರ್ಟ್ಸ್‌ಸೈಟ್ ಬಯಲಿಗೆ ಚಳಿಗಾಲದಲ್ಲಿ ದೇಶದ ಮೂಲೆಮೂಲೆಯಿಂದ ಇಂಥ ಗಾಡಿಗಳು ಬಂದು ಬೀಡುಬಿಡುತ್ತವೆ. ಅಲ್ಲಿ ನಿವೃತ್ತ ವೆಲ್ಡರ್ ಒಬ್ಬರ ಬಸ್ಸನ್ನು ಹತ್ತಿರದಿಂದ ನೋಡಿದೆ. ಹಿಂದಿನ ಗೋಡೆ ಗುಂಡಗೆ, ನಯವಾಗಿ, ಕಾರ್ಖಾನೆಯಲ್ಲಿ ಆದಂತೆಯೇ ಇತ್ತು. ಅದರ ನಡುವೆ ತುರ್ತು ಬಾಗಿಲು. ಅದರಾಚೆಗೆ ಅಟ್ಟ. ಗುಟ್ಟು ಏನೆಂದರೆ, ಅವರು ಬಸ್ಸಿನ ಬಾಲ ಕತ್ತರಿಸಿ ಎಸೆದಿರಲಿಲ್ಲ. ಹಿಂಭಾಗದ ಗುಂಡುಗೋಡೆಯ ರಿವೆಟ್ಟುಗಳ ತಲೆಗಳನ್ನು ಗಾಳಿಯ ಉಳಿಯಿಂದ ಒಂದೊಂದಾಗಿ ಹಾರಿಸಿ, ಇಡೀ ಗೋಡೆಯನ್ನು ಪಕ್ಕಕ್ಕೆ ಇಳಿಸಿದ್ದರು. ಬಳಿಕ ನಡುವಿನ ಐದು ಕಿಟಕಿಯಷ್ಟು ಬಾಡಿಯನ್ನು ತೆಗೆದು, ಅದೇ ಗೋಡೆಯನ್ನು ಮುಂದಕ್ಕೆ ತಂದು, ಚಾವಣಿಯ ಕಮಾನು ಇರುವ ಜಾಗಕ್ಕೇ ಸರಿಯಾಗಿ ಕೂರಿಸಿ, ಹೊಸ ರಿವೆಟ್ ಹೊಡೆದಿದ್ದರು. ಎರಡು ಕಮಾನುಗಳ ನಡುವೆ ಎಲ್ಲೆಂದರಲ್ಲಿ ಕತ್ತರಿಸಿ ಪ್ಲೈವುಡ್ ಬಡಿದಿದ್ದರೆ ಆ ತುದಿ ತೆರೆದ ಡಬ್ಬಿಯಂತೆ ನಡುಗುತ್ತಿತ್ತು. ಕೈಯಿಟ್ಟು ಅಲುಗಾಡಿಸಿ ನೋಡಿದೆ, ಅಲುಗಲಿಲ್ಲ. ತುರ್ತು ಬಾಗಿಲು ಮೊದಲಿನಂತೆಯೇ ತೆರೆಯುತ್ತಿತ್ತು. ಮಲಗುವ ಕೋಣೆಗೆ ಎರಡನೆಯ ದಾರಿ ಉಳಿಯಿತು. ಬೆಂಕಿ ಬಿದ್ದ ದಿನ ಜೀವ ಉಳಿಸುವುದು ಆ ದಾರಿಯೇ.

ಇಷ್ಟು ಚಂದದ ಕೆಲಸಗಾರಿಕೆಯೂ ತೂಕದ ಲೆಕ್ಕ ತಪ್ಪಿದರೆ ವ್ಯರ್ಥ. ಬಸ್ಸಿನ ಹಿಂದಿನ ಆ್ಯಕ್ಸಲಿನಾಚೆ ಹತ್ತು ಹನ್ನೆರಡು ಅಡಿ ಬಾಲ ಇರುತ್ತದೆ. ಆ ಬಾಲದ ಮೇಲೆ ಹೇರಿದ ಭಾರ ಏತದ ಹಾಗೆ ವರ್ತಿಸುತ್ತದೆ: ಹಿಂದೆ ಒತ್ತಿದಷ್ಟೂ ಮೂತಿ ಮೇಲೇಳಲು ನೋಡುತ್ತದೆ. ಲೆಕ್ಕ ಸರಳ. ಮುಂದಿನ ಮತ್ತು ಹಿಂದಿನ ಆ್ಯಕ್ಸಲುಗಳ ನಡುವೆ 20 ಅಡಿ ಇದೆ ಎನ್ನಿ. 3,000 ಪೌಂಡಿನ ಜೀಪಿನ ಭಾರಕೇಂದ್ರ ಹಿಂದಿನ ಆ್ಯಕ್ಸಲಿನಿಂದ 6 ಅಡಿ ಆಚೆ ಬಂದರೆ, ಮುಂದಿನ ಚಕ್ರಗಳ ಮೇಲಿನ ಭಾರ 900 ಪೌಂಡ್ ಇಳಿಯುತ್ತದೆ. ಹಿಂದಿನ ಆ್ಯಕ್ಸಲ್ 3,000ದ ಬದಲು 3,900 ಪೌಂಡ್ ಹೆಚ್ಚುವರಿ ಹೊರುತ್ತದೆ. ಅದೇ ಜೀಪನ್ನು ಮುಂದಕ್ಕೆ ತಂದು 2 ಅಡಿಗೆ ನಿಲ್ಲಿಸಿದರೆ ಮುಂದೆ ಇಳಿಯುವುದು 300 ಪೌಂಡ್ ಮಾತ್ರ. ಮುಂದಿನ ಚಕ್ರಕ್ಕೆ ಭಾರ ಸಾಲದಿದ್ದರೆ ಮಳೆಯಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಬಸ್ಸು ತಿರುಗದು, ಬ್ರೇಕ್ ಒತ್ತಿದರೂ ಮುಂದಿನ ಟೈರು ಹಿಡಿಯದು.

ಮಲಗುವ ಕೋಣೆ ನಾಲ್ಕು ಅಡಿ ದೊಡ್ಡದಾಗಲಿ ಎಂಬ ಆಸೆಗೆ ಅಟ್ಟವನ್ನು ಬಾಲದ ತುದಿಗೆ ತಳ್ಳುವವರು ಬಹಳ. ನಾನು ಅದನ್ನು ಒಪ್ಪುವುದಿಲ್ಲ. ಅಟ್ಟ ಹಿಂದಿನ ಆ್ಯಕ್ಸಲಿಗಿಂತ ಮುಂದೆಯೇ ಶುರುವಾಗಬೇಕು, ಜೀಪಿನ ಇಂಜಿನ್ ಇರುವ ತುದಿ ಮನೆಯ ಕಡೆಗಿರಬೇಕು. ನೀರಿನ ಟ್ಯಾಂಕು, ಬ್ಯಾಟರಿ, ಒಲೆಯಂಥ ಭಾರದ ಸಾಮಾನು ಎರಡು ಆ್ಯಕ್ಸಲುಗಳ ನಡುವೆ ಇರಬೇಕು. ಹೀಗೆ ಮಾಡಿದರೆ ಮನೆಗೆ ಉಳಿಯುವುದು 18 ಅಡಿ ಉದ್ದ, ಏಳೂವರೆ ಅಡಿ ಅಗಲ. 135 ಚದರ ಅಡಿ. ಇಬ್ಬರಿಗೆ ಧಾರಾಳ.

ಅಟ್ಟಕ್ಕೆ ಏರಿಸುವ ಗಾಡಿಯನ್ನೂ ಹಗುರವಾದದ್ದನ್ನೇ ಆರಿಸಿಕೊಳ್ಳಿ. ಈ ಬಳಗದಲ್ಲಿ ಸುಜುಕಿ ಸಮುರಾಯ್‌ಗೆ ಬೇಡಿಕೆ ಇರುವುದು ಅದಕ್ಕೇ. ಅದರ ತೂಕ 2,100 ಪೌಂಡಿನ ಆಸುಪಾಸು, ಉದ್ದ ಹನ್ನೊಂದೂವರೆ ಅಡಿಯೊಳಗೆ. ಕನ್ನಡದ ಓದುಗರಿಗೆ ಅದರ ಮುಖ ಚೆನ್ನಾಗಿ ಗೊತ್ತು. ಮಲೆನಾಡಿನ ತೋಟದ ದಾರಿಗಳಲ್ಲಿ ಓಡಾಡುವ ಮಾರುತಿ ಜಿಪ್ಸಿ ಅದರದೇ ಕುಲದ್ದು.

ಕಟ್ಟುವಾಗ ಮೂರು ಮಾತು ಮರೆಯಬಾರದು. ಒಂದು, ಚಾಸಿಯ ಉದ್ದ ತೊಲೆಗಳ ಮೇಲಿನ ಮತ್ತು ಕೆಳಗಿನ ಮಡಿಕೆಗಳಿಗೆ ತೂತು ಕೊರೆಯಬಾರದು, ಶಾಖ ಕೊಟ್ಟು ಹದ ಮಾಡಿದ ತೊಲೆಗೆ ವೆಲ್ಡಿಂಗ್ ತಾಗಿಸಬಾರದು. ಬಲವೆಲ್ಲ ಅಲ್ಲೇ ಇರುವುದು. ಅಟ್ಟದ ಚೌಕಟ್ಟನ್ನು ತೊಲೆಯ ಪಕ್ಕದ ಗೋಡೆಗೆ ಬೋಲ್ಟಿನಿಂದ ಬಿಗಿಯಬೇಕು. ಎರಡು, ಏರುದಾರಿಯ ಉದ್ದ. ಅಟ್ಟ ನೆಲದಿಂದ 40 ಇಂಚು ಎತ್ತರವಿದ್ದು, ಏರುಹಲಗೆ 8 ಅಡಿಯದಾದರೆ ಇಳಿಜಾರು ಸುಮಾರು 25 ಡಿಗ್ರಿ. ಜೀಪಿನ ಹೊಟ್ಟೆ ತಾಗುತ್ತದೆ, ಎದೆ ಝಲ್ಲೆನ್ನುತ್ತದೆ. 12 ಅಡಿಯ ಹಲಗೆಯಾದರೆ 16 ಡಿಗ್ರಿ. ಜೊತೆಗೆ ಒಂದು ವಿಂಚ್ ಇಟ್ಟುಕೊಂಡರೆ ಜೀಪನ್ನು ಓಡಿಸದೆ ಮೆಲ್ಲಗೆ ಎಳೆದು ಹತ್ತಿಸಬಹುದು. ಮೂರು, ಹೊಗೆ ಕೊಳವೆ. ಬಾಲ ಮೋಟಾದ ಮೇಲೆ ಹೊಗೆ ಮನೆಯ ಹಿಂಗೋಡೆಗೇ ಬಡಿಯುವಂತೆ ಬಿಟ್ಟವರಿದ್ದಾರೆ. ಕೊಳವೆ ಅಟ್ಟದ ತುದಿಯವರೆಗೆ ಹೋಗಲಿ. ಒಳಗೆ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಸುವ ಗಂಟೆ ಇರಲೇಬೇಕು.

ಕಾನೂನು ರಾಜ್ಯಕ್ಕೊಂದು ಬಗೆ. ಹಲವು ರಾಜ್ಯಗಳಲ್ಲಿ ‘ಸ್ಕೂಲ್ ಬಸ್’ ಎಂಬ ಅಕ್ಷರ, ಮಿನುಗು ದೀಪ, ಪಕ್ಕಕ್ಕೆ ಚಾಚುವ ‘ಸ್ಟಾಪ್’ ಫಲಕ ತೆಗೆದು, ಹಳದಿ ಬಣ್ಣ ಬದಲಿಸಬೇಕು. ಮಕ್ಕಳ ಬಸ್ಸೆಂದು ಹಿಂದಿನವರು ಸುಮ್ಮನೆ ನಿಂತುಬಿಡಬಾರದಲ್ಲ. ಹಾಸಿಗೆ, ಒಲೆ, ನೀರು, ಶೌಚದ ವ್ಯವಸ್ಥೆ ತೋರಿಸಿದರೆ ದಾಖಲೆಯಲ್ಲಿ ಪ್ರವಾಸಿ ಮನೆಯೆಂದು ಬರೆಸಿಕೊಳ್ಳಬಹುದು. ವಿಮೆ ಸಿಗುವುದಕ್ಕೂ ಅದು ಬೇಕು.

ನಮ್ಮಲ್ಲೂ ಇದು ಸಾಧ್ಯವೇ ಎಂದು ಕೇಳುವ ಓದುಗರಿದ್ದಾರೆ. ಕೈಚಳಕಕ್ಕೆ ಕೊರತೆಯಿಲ್ಲ. ಬರಿಯ ಚಾಸಿ ತರಿಸಿಕೊಂಡು ಅದರ ಮೇಲೆ ಇಡೀ ಬಸ್ಸನ್ನು ಕಟ್ಟಿ ನಿಲ್ಲಿಸಿದ ಕೆಂಗೇರಿ, ಹುಬ್ಬಳ್ಳಿಯ ಸಾರಿಗೆ ವರ್ಕ್‌ಶಾಪುಗಳು ಕಣ್ಣೆದುರಿಗಿವೆ. ತೊಡಕು ಕಾನೂನಿನದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಗೊತ್ತುಮಾಡಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಇಲ್ಲಿ ಬಸ್ಸಿನ ಬಾಲ ಕತ್ತರಿಸಲು ಗ್ರೈಂಡರ್ ಹಿಡಿಯಬೇಡಿ.

ಆದರೆ ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ, ಮನೆಯ ಹಿಂದೆ ಜಾಗವೂ ತೋಳಿನಲ್ಲಿ ಕಸುವೂ ಇರುವ ಕನ್ನಡಿಗರಿಗೆ ನನ್ನದೊಂದು ಬಿನ್ನಹ. ಬಸ್ಸು ಕೊಂಡ ದಿನವೇ ಹೆದ್ದಾರಿಯ ಟ್ರಕ್ ನಿಲ್ದಾಣದಲ್ಲಿರುವ ಕ್ಯಾಟ್ ಸ್ಕೇಲಿಗೆ ಹೋಗಿ, ಮುಂದಿನ ಮತ್ತು ಹಿಂದಿನ ಆ್ಯಕ್ಸಲುಗಳನ್ನು ಬೇರೆ ಬೇರೆಯಾಗಿ ತೂಗಿಸಿ, ಚೀಟಿ ತಂದಿಟ್ಟುಕೊಳ್ಳಿ. ಸೀಟು ಕಿತ್ತ ಮೇಲೆ ಇನ್ನೊಮ್ಮೆ, ಎಲ್ಲ ಮುಗಿದು ಜೀಪು ಹತ್ತಿಸಿದ ಮೇಲೆ ಮತ್ತೊಮ್ಮೆ ತೂಗಿಸಿ. ಆ್ಯಕ್ಸಲ್ ಎಷ್ಟು ಹೊರಬಲ್ಲದು ಎಂಬುದನ್ನು ಬಸ್ಸಿನೊಳಗಿನ ತಯಾರಕರ ಫಲಕದಲ್ಲಿ ಬರೆದಿರುತ್ತಾರೆ. ಎಲ್ಲಿ ಕತ್ತರಿಸಬೇಕೆಂಬುದನ್ನು ಆ ಫಲಕ ಮತ್ತು ಆ ಚೀಟಿಯನ್ನು ಅಕ್ಕಪಕ್ಕ ಇಟ್ಟುಕೊಂಡೇ ತೀರ್ಮಾನಿಸಿ.