ಎತ್ತಿದ ತೊಡೆ

ರವಿವಾರ ಬ್ಯಾಡಗಿಯ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ರಾಣೆಬೆನ್ನೂರಿನಲ್ಲಿ ಬಿ.ಕಾಂ. ಓದುತ್ತಾಳೆ, ಟೇಕ್ವಾಂಡೊದ 49 ಕೆ.ಜಿ. ಒಳಗಿನ ವಿಭಾಗದಲ್ಲಿ ಯುನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡದ ಆಟಗಾರ್ತಿ. ನಮ್ಮ ಜಿಲ್ಲೆಯ ಮಕ್ಕಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಲ್ಲಿ ಆಡುತ್ತಿದ್ದರು. 2023ರಲ್ಲಿ ಹಾವೇರಿಗೇ ವಿಶ್ವವಿದ್ಯಾಲಯ ಬಂತು. ಈಕೆಯ ಬೆನ್ನ ಮೇಲೆ ಹಾವೇರಿ ಅಂತಲೇ ಇದೆ.

ಗಿರ್ಮಿಟ್ಟು, ಮಿರ್ಚಿ ಬಿಟ್ಟು ತೂಕ ಇಳಿಸಿಕೊಂಡು ಟೂರ್ನಿಗೆ ಹೋದವಳು ಮೊದಲ ಪಂದ್ಯದಲ್ಲೇ ಸೋತಿದ್ದಳು. ಮೂರನೆಯ ಸುತ್ತು, ಒಂದೇ ಪಾಯಿಂಟಿನ ಅಂತರ. ಆ ಪಾಯಿಂಟು ಹೋದದ್ದು ಗಮ್‌ಜಮ್‌ನಿಂದ, ಸೊಂಟದ ಕೆಳಗೆ ಒದ್ದದ್ದಕ್ಕೆ ಬಿದ್ದ ದಂಡದಿಂದ.

"ಸರ್, ನಾ ಬೇಕಂತ ಕೆಳಗ ಹೊಡದಿಲ್ರಿ. ಆಕಿ ಕಾಲು ಎತ್ತಿಕೊಂಡs ನಿಂತಿದ್ಲು. ನನ್ನ ಕಿಕ್ ಹೋಗಿ ಆಕಿ ತೊಡಿಗೆ ಬಡೀತು."

ಈ ಕಾಲೆತ್ತಿ ನಿಲ್ಲುವ ಆಟದ ಬಗ್ಗೆ ಹತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೊಗು ಎಂಬ ಎದೆಕವಚದೊಳಗೆ ಸೆನ್ಸರ್ ಬಂದಾಗಿನಿಂದ ಮುಂಗಾಲು ಎತ್ತಿಕೊಂಡು ಒಂಟಿಕಾಲಲ್ಲಿ ಕುಪ್ಪಳಿಸುವುದನ್ನೇ ಆಟವೆಂದು ಕಲಿಸುವವರು ಹೆಚ್ಚಿದರು. ಒದೆತ ಸೊಂಟದಿಂದ ಹುಟ್ಟಬೇಕು. ಪಾದವನ್ನು ಸೆನ್ಸರಿಗೆ ತಾಗಿಸುವುದು ಒದೆತವಲ್ಲ. ಎದುರಾಳಿಯ ಒದೆತ ತಡೆಯಲೆಂದು ಕಾಲೆತ್ತಿ ನಿಲ್ಲುವುದಕ್ಕೂ ಗಮ್‌ಜಮ್ ಇದೆ. ಆ ದಿನ ಅದನ್ನು ಯಾರೂ ಕೊಡಲಿಲ್ಲ.

ಅವಳ ಮಾತು ಕೇಳುತ್ತಿದ್ದಂತೆ ನನಗೆ ನೆನಪಾದದ್ದು ಗದಾಯುದ್ಧ. ನಾಭಿಯ ಕೆಳಗೆ ಹೊಡೆಯಬಾರದೆಂಬುದು ಗದೆಯ ಕಟ್ಟಳೆ. ಭೀಮ ಮುರಿದದ್ದು ಅದನ್ನೇ, ಬಲರಾಮ ಸಿಡಿದೆದ್ದದ್ದು ಅದಕ್ಕೇ. ರನ್ನ ಭೀಮನನ್ನು ನಾಯಕನನ್ನಾಗಿ ಮಾಡಿ ಕಾವ್ಯ ಕಟ್ಟಿದರೂ ನಮ್ಮ ಮನಸ್ಸು ಬಿದ್ದ ದುರ್ಯೋಧನನ ಕಡೆಗೆ ವಾಲುತ್ತದೆ. ಆದರೆ ವ್ಯಾಸಭಾರತದ ಶಲ್ಯಪರ್ವದಲ್ಲಿ, ಆಡುವವರು ಮಾತ್ರ ಗಮನಿಸಬಹುದಾದ ಒಂದು ವಿವರವಿದೆ. ಭೀಮನ ಹೊಡೆತ ತಪ್ಪಿಸಲು ದುರ್ಯೋಧನ ಮೇಲಕ್ಕೆ ಜಿಗಿಯುತ್ತಾನೆ. ಗದೆ ತೊಡೆಗೆ ಬೀಳುವುದು ಆಗ. ಜಿಗಿದವನ ತೊಡೆ ನಿಂತವನ ಎದೆಯ ಮಟ್ಟಕ್ಕೆ ಬಂದಿರುತ್ತದೆ. ಭೀಮನಿಗೆ ಪ್ರತಿಜ್ಞೆಯಿತ್ತು, ಬೇಕೆಂದೇ ಹೊಡೆದ. ಅವನನ್ನು ಬಿಡಿಸಲು ನನ್ನಿಂದಾಗದು. ಈ ಹುಡುಗಿ ಗುರಿಯಿಟ್ಟದ್ದು ಹೊಗುವಿಗೆ. ತೊಡೆಯನ್ನು ಅಲ್ಲಿಗೆ ತಂದಿಟ್ಟವಳು ಎದುರಿನವಳು. ಒದೆತ ತಿಂದವರ ನಡೆಯಿಂದಲೇ ಏಟು ಕೆಳಗೆ ಬಿದ್ದರೆ ದಂಡವಿಲ್ಲವೆಂದು ನಮ್ಮ ನಿಯಮವೂ ಹೇಳುತ್ತದೆ.

ಅಂಗಳದಲ್ಲಿ ಅರ್ಧ ಗಂಟೆ ನಾನೇ ಕಾಲೆತ್ತಿ ನಿಂತೆ. ನೇರ ನುಗ್ಗಬೇಡ, ಒಂದು ಹೆಜ್ಜೆ ಪಕ್ಕಕ್ಕೆ ಸರಿ, ಎತ್ತಿದ ಕಾಲು ನೆಲಕ್ಕಿಳಿಯುವ ಕ್ಷಣಕ್ಕೆ ತಿರುಗಿ ಬ್ಯಾಕ್ ಕಿಕ್ ಹಾಕು, ನಾಲ್ಕು ಪಾಯಿಂಟು ಅಂದೆ. ಏಳನೆಯ ಸಲಕ್ಕೆ ಅವಳ ಹಿಮ್ಮಡಿ ನನ್ನ ಪಕ್ಕೆಲುಬಿಗೆ ಸರಿಯಾಗಿ ಬಂದು ಕೂತಿತು. ಬ್ಯಾಡಗಿ ಬಸ್ಸಿಗೆ ಹೊತ್ತಾಯಿತೆಂದು ನಾನು ಹೇಳಿದರೂ "ಇನ್ನೊಂದ್ಸಲ ನಿಲ್ರಿ ಸರ್" ಅಂದಳು.