ಚೊಗರು ಮತ್ತು ಉಪ್ಪು

ಬಣ್ಣದ ಕಾರ್ಖಾನೆ ಹೊಳೆ ಕೆಡಿಸಿತು ಎಂದೊಡನೆ ಕೆಂಪು, ನೀಲಿ ನೀರು ಕಣ್ಣಿಗೆ ಕಟ್ಟುತ್ತದೆ. ಆದರೆ ತಿರುಪ್ಪೂರಿನ ನೊಯ್ಯಲ್ ಹೊಳೆಯ ದಂಡೆಯ ಹೊಲಗಳನ್ನು ಕೆಡಿಸಿದ್ದು ಮುಖ್ಯವಾಗಿ ಬಣ್ಣವೇ ಇಲ್ಲದ ಉಪ್ಪು.

ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಿಡಿಯಬೇಕಾದರೆ ತೊಟ್ಟಿಗೆ ಧಾರಾಳವಾಗಿ ಉಪ್ಪು ಸುರಿಯಬೇಕು. ಬಣ್ಣದ ಬಹುಪಾಲು ನೂಲಿಗಂಟುತ್ತದೆ, ಉಪ್ಪು ಬಂದಷ್ಟೂ ಹೊರಹೋಗುತ್ತದೆ. ಸುಣ್ಣ ಹಾಕಿ ಬಣ್ಣವನ್ನು ತಳಕ್ಕಿಳಿಸಬಹುದು. ಕರಗಿದ ಉಪ್ಪು ಅದಕ್ಕೆ ಜಗ್ಗುವುದಿಲ್ಲ. ನೀರಾವರಿಗೆಂದೇ ಆ ಹೊಳೆಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಹೀಗೆ ತ್ಯಾಜ್ಯದ ಕೊಳವಾಯಿತು. ಅದರ ನೀರು ಬೆಳೆಗೆ ಬಾರದಾಯಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ನೂರಾರು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಈಗ ಹನಿ ನೀರೂ ಹೊರಹೋಗಕೂಡದೆಂಬ ನಿಯಮವಿದೆ. ನೀರೇನೋ ಮರಳಿ ಸಿಗುತ್ತದೆ. ಆದರೆ ಅದನ್ನು ಆವಿಯಾಗಿಸಲು ಇಂಧನ ಉರಿಯಬೇಕು, ಕೊನೆಗೆ ಉಳಿಯುವ ಉಪ್ಪುಗಸಿಗೆ ಜಾಗ ಹುಡುಕಬೇಕು.

ಇನ್ನೊಂದು ದಾರಿ ಸಾಗರದ ಬಳಿಯ ಹೆಗ್ಗೋಡು ಸೀಮೆಯಲ್ಲಿದೆ. ರಂಗಕರ್ಮಿ ಪ್ರಸನ್ನ ಕಟ್ಟಿಬೆಳೆಸಿದ ‘ಚರಕ’ ಕೈಮಗ್ಗ ಸಹಕಾರ ಸಂಘದ ಮಹಿಳೆಯರು ಬಟ್ಟೆಗೆ ಅಡಿಕೆ ಚೊಗರಿನ ಬಣ್ಣ ಹಾಕುತ್ತಾರೆ. ಹಸಿ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಕೆಂಪು ರಸ ಅದು. ಅಂಗಿಗೆ ಸಿಡಿದರೆ ಜಪ್ಪಯ್ಯ ಅಂದರೂ ಹೋಗದ ಕಲೆಯೆಂದು ಮಲೆನಾಡಿನ ಮನೆಗಳಲ್ಲಿ ಬೈಸಿಕೊಂಡ ಚೊಗರು ಇಲ್ಲಿ ಕಸುಬಿಗೆ ಬಂದಿದೆ. ಅದರ ನಿಜವಾದ ಹೆಚ್ಚುಗಾರಿಕೆ ಇಷ್ಟೇ: ಅದಕ್ಕಾಗಿ ಯಾರೂ ಹೊಸದಾಗಿ ಒಂದು ಗುಂಟೆ ನೆಲವನ್ನೂ ಬಿಟ್ಟುಕೊಟ್ಟಿಲ್ಲ.

ಇದು ಸಣ್ಣ ಮಾತಲ್ಲ. ನೀಲಿಯೂ ಗಿಡದಿಂದಲೇ ಬಂದ ಬಣ್ಣ. ಆದರೂ ಅದನ್ನು ಬಲವಂತವಾಗಿ ಬೆಳೆಸಿದ್ದಕ್ಕೆ ಬಂಗಾಳದ ರೈತರು 1859ರಲ್ಲಿ ದಂಗೆಯೆದ್ದರು. 1917ರಲ್ಲಿ ಗಾಂಧಿ ಚಂಪಾರಣಕ್ಕೆ ಹೋದದ್ದೂ ಅದೇ ಬೆಳೆಯ ದೂರಿಗೆ. ಗಿಡದ್ದೆಂದ ಮಾತ್ರಕ್ಕೆ ಬಣ್ಣ ನಿರಪರಾಧಿಯಾಗುವುದಿಲ್ಲ. ಜಗತ್ತಿನ ಜೀನ್ಸ್‌ಗೆಲ್ಲ ಗಿಡದ ನೀಲಿಯೇ ಬೇಕೆಂದರೆ ಅನ್ನದ ಗದ್ದೆಗಳೇ ಅದಕ್ಕೆ ಹೋಗಬೇಕಾದೀತು.

ಬಣ್ಣ ಕಚ್ಚಿಸುವ ವಸ್ತುವಿನ ವಿಚಾರ ಬೇರೆ. ಅಳಲೆಕಾಯಿ, ಪಟಿಕ, ಬೆಲ್ಲದಲ್ಲಿ ಕೊಳೆಸಿದ ತುಕ್ಕು ಕಬ್ಬಿಣದಿಂದ ಹೆಚ್ಚಿನ ಕೇಡಿಲ್ಲ. ಛಾಯೆ ಬದಲಿಸಲು ಬಳಸುವ ಮೈಲುತುತ್ತದ ಕಥೆ ಹಾಗಲ್ಲ. ಕೊಳೆರೋಗಕ್ಕೆ ಅದೇ ತುತ್ತದ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ಬೆಳೆಗಾರನಿಗೆ ಅದರ ಗುಣ ಚೆನ್ನಾಗಿಯೇ ಗೊತ್ತು: ಶಿಲೀಂಧ್ರ ಕೊಲ್ಲುವ ತಾಮ್ರ ಹೊಳೆಯ ಮೀನನ್ನೂ ಬಿಡುವುದಿಲ್ಲ. ‘ಸಹಜ ಬಣ್ಣ’ ಎಂಬ ಚೀಟಿ ಅಂಟಿಸಿಕೊಂಡ ಸೀರೆಗಳಲ್ಲಿ ಎಷ್ಟರ ಮೇಲೆ ಪಟಿಕವೋ ತುತ್ತವೋ ಎಂದು ಬರೆದಿರುತ್ತದೆ?