ರಜೆಯ ನಗು: 'ಟಿಂಕಲ್' ವಿಶೇಷಾಂಕ ಮತ್ತು ಪಾಠ ಕಲಿಯದ ಪಾತ್ರಗಳು

ಕನ್ನಡದ ಬಾಲಸಾಹಿತ್ಯ ವಿಮರ್ಶೆಯು ಚಿತ್ರಕಥೆಯನ್ನು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ಅದರಲ್ಲಿಯೂ ರಜೆಗೆಂದು ಪ್ರಕಟವಾಗುವ ವಿಶೇಷಾಂಕಗಳನ್ನು ಓದಿ ಬದಿಗಿಡುವ ಸಾಮಗ್ರಿಯೆಂದೇ ಭಾವಿಸಲಾಗಿದೆ. ಆದರೆ ಪಾಠದಿಂದ ಬಿಡುವು ಕೊಟ್ಟ ದಿನಗಳಲ್ಲಿ ಮಕ್ಕಳ ಕೈಗೆ ಏನನ್ನು ಇಡುತ್ತೇವೆ ಎಂಬುದರಲ್ಲಿ ಒಂದು ಸಮಾಜದ ಶಿಕ್ಷಣಕಲ್ಪನೆ ವ್ಯಕ್ತವಾಗುತ್ತದೆ. 'ಟಿಂಕಲ್' ಪತ್ರಿಕೆಯ ರಜಾ ವಿಶೇಷಾಂಕಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತ. ಅದರ ಸ್ಥಾಪಕ ಸಂಪಾದಕ ಅನಂತ ಪೈ (1929–2011) ಕಾರ್ಕಳದಲ್ಲಿ ಜನಿಸಿದವರೆಂಬುದರಿಂದ ಕರಾವಳಿಯ ಓದುಗರಿಗೆ ಈ ಪರಿಶೀಲನೆ ಇನ್ನಷ್ಟು ಪ್ರಸ್ತುತವಾಗುತ್ತದೆ.

ಪೈ ಅವರ ಮೊದಲ ಸಾಧನೆ 1967ರಲ್ಲಿ ಆರಂಭವಾದ 'ಅಮರ ಚಿತ್ರ ಕಥಾ'. ದೆಹಲಿಯ ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ಗ್ರೀಕ್ ಪುರಾಣವನ್ನು ಬಲ್ಲ ಮಕ್ಕಳಿಗೆ ರಾಮನ ತಾಯಿಯ ಹೆಸರು ತಿಳಿಯದಿದ್ದುದು ಅವರನ್ನು ಈ ಕೆಲಸಕ್ಕೆ ಪ್ರೇರೇಪಿಸಿತು. ಅದಕ್ಕೂ ಮುನ್ನ, 1965ರಲ್ಲಿ, ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಪಾಶ್ಚಾತ್ಯ ಮಕ್ಕಳ ಕಥೆಗಳು ಕನ್ನಡ ಚಿತ್ರಕಥೆಗಳಾಗಿ ಬಂದಿದ್ದವು. ಸರಣಿಯ ಮೊದಲ ಹತ್ತು ಸಂಖ್ಯೆಗಳು ಇಂತಹ ಕಥೆಗಳಿಗೇ ಸಂದು, 'ಕೃಷ್ಣ' ಹನ್ನೊಂದನೆಯದಾಯಿತು. ಮಗುವಿಗೆ ತಿಳಿಯದಿರುವುದನ್ನು ತಿಳಿಸಬೇಕೆಂಬ ಅಧ್ಯಾಪಕ ಮನೋಧರ್ಮವೇ ಈ ಸರಣಿಯ ಬೆನ್ನೆಲುಬು.

1980ರ ಏಪ್ರಿಲಿನಲ್ಲಿ 'ಟಿಂಕಲ್' ಹೊರಬಂದಾಗಲೂ ಕಲಿಕೆ ಮತ್ತು ವಿನೋದಗಳ ಸಮಾಗಮವೇ ಅದರ ಘೋಷಿತ ಉದ್ದೇಶವಾಯಿತು. ಆದರೆ ಉದ್ದೇಶವೊಂದು, ಫಲವೊಂದು ಆಗುವುದು ಸಾಹಿತ್ಯದಲ್ಲಿ ಅಪರೂಪವಲ್ಲ. ಪತ್ರಿಕೆಯಲ್ಲಿ ನೆಲೆಯೂರಿದ ಪಾತ್ರಗಳನ್ನು ಗಮನಿಸಿದರೆ ಅವು ಯಾವುವೂ ಪಾಠ ಕಲಿಯುವ ಜಾತಿಯವಲ್ಲ. ಶಿಕಾರಿ ಶಂಭು ಕಣ್ಣು ಮುಚ್ಚುವ ಟೋಪಿಯಡಿ ಅಡಗಿದ ಹೇಡಿ. ಆಕಸ್ಮಿಕಗಳು ಅವನನ್ನು ವೀರನನ್ನಾಗಿಸುತ್ತವೆ. ತಂತ್ರಿ ಮಂತ್ರಿ ರಾಜಾ ಹೂಜಾನ ಸಿಂಹಾಸನಕ್ಕಾಗಿ ಹೂಡುವ ಸಂಚುಗಳು ಅವನಿಗೇ ತಿರುಗುತ್ತವೆ. ಆದರೂ ಅವನು ಮುಂದಿನ ಸಂಚಿಕೆಗೆ ಹೊಸ ಸಂಚಿನೊಡನೆ ಸಿದ್ಧ. ಅಮರ ಚಿತ್ರ ಕಥೆಯ ನಾಯಕನ ಬಾಳು ಜನನದಿಂದ ಸಿದ್ಧಿಯವರೆಗೆ ಸಾಗಿದರೆ, ಈ ಪಾತ್ರಗಳು ಇದ್ದಲ್ಲೇ ಇರುತ್ತವೆ. ವಿಶೇಷಾಂಕದಲ್ಲಿ ಅವೆಲ್ಲ ಒಟ್ಟಿಗೆ ಬಂದಾಗ ಪರೀಕ್ಷೆಯಿಲ್ಲದ, ಮುಂದಿನ ತರಗತಿಯಿಲ್ಲದ ಲೋಕವೊಂದು ಮಗುವಿನೆದುರು ತೆರೆದುಕೊಳ್ಳುತ್ತದೆ. ರಜೆಯ ಅನುಭವದ ತಿರುಳೂ ಇದೇ.

ಈ ಮಾತಿಗೆ ಸುಪ್ಪಂಡಿಯೇ ಅತ್ಯುತ್ತಮ ನಿದರ್ಶನ. ತಮಿಳು ಜನಪದ ಮೂಲದ ಈ ಪಾತ್ರವನ್ನು ತಿರುಚ್ಚಿಯ ಓದುಗ ಪಿ. ವರದರಾಜನ್ ಪತ್ರಿಕೆಗೆ ಒದಗಿಸಿದರು. 1983ರಲ್ಲಿ ರಾಮ್ ವಯೀರ್ಕರ್ ಅದಕ್ಕೆ ರೂಪ ಕೊಟ್ಟರು. 'ಕೃಷ್ಣ' ಸಂಚಿಕೆಯನ್ನು ಚಿತ್ರಿಸಿದ ಕೈಯೇ ಈ ಪೆದ್ದನನ್ನೂ ಚಿತ್ರಿಸಿತೆಂಬುದು ಗಮನಾರ್ಹ. ಸುಪ್ಪಂಡಿ ಅವಿಧೇಯನಲ್ಲ. ಒಡೆಯನ ಮಾತನ್ನು ಅಕ್ಷರಶಃ ಪಾಲಿಸುತ್ತಾನೆ. ಪಾಲಿಸಿಯೇ ಕೆಲಸ ಕೆಡಿಸುತ್ತಾನೆ. ಶಾಲೆಯು ಎಲ್ಲಕ್ಕಿಂತ ಹೆಚ್ಚಾಗಿ ಬಯಸುವ ಗುಣ ವಿಧೇಯತೆ. ಅದನ್ನು ಅದರ ತುದಿಯವರೆಗೆ ಒಯ್ದರೆ ಏನಾಗುತ್ತದೆ ಎಂಬುದನ್ನು ಮಗು ಇಲ್ಲಿ ಕಂಡು ನಗುತ್ತದೆ.

ಈ ನಗೆ ಕರಾವಳಿಗೆ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ ದೂತನ ವೇಷದಲ್ಲಿ ಬಂದು, ಅರಸನ ಮಾತಿಗೆ ಬೇರೆಯೇ ಅರ್ಥ ಹಚ್ಚಿ ಆಸ್ಥಾನದ ಗಾಂಭೀರ್ಯವನ್ನು ಕದಡುತ್ತಾನೆ. ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಮುನ್ನಿನ ಕೊನೆಯ ವಾರಗಳೂ ಶಾಲೆಯ ಬೇಸಿಗೆ ರಜೆಯೂ ಒಂದೇ ಕಾಲದವು. ಕಲ್ಯಾಣಪುರದಲ್ಲಾಗಲಿ ಕಾಪುವಿನಲ್ಲಾಗಲಿ ರಾತ್ರಿ ಬಯಲಾಟ ನೋಡಿದ ಮಗುವಿಗೆ ಹಗಲಿನಲ್ಲಿ ಸುಪ್ಪಂಡಿ ಅಪರಿಚಿತನೆನಿಸಲಾರ. ಆದರೆ ಒಂದು ವ್ಯತ್ಯಾಸವುಂಟು. ದೂತನ ನಗೆ ಅರಸನತ್ತ ತಿರುಗುತ್ತದೆ. ಸುಪ್ಪಂಡಿಯ ಕಥೆಯಲ್ಲಿ ಅದು ಬಹುಮಟ್ಟಿಗೆ ಆಳಿನ ಮೇಲೆಯೇ ಬೀಳುತ್ತದೆ. ಮನೆಗೆಲಸದವನ ದಡ್ಡತನವನ್ನು ನೋಡಿ ಇಂಗ್ಲಿಷ್ ಓದುವ ಮನೆಯ ಮಗು ನಗುವಾಗ, ಆ ನಗೆಯಲ್ಲಿ ವರ್ಗದ ನೆರಳಿದೆ. ಒಡೆಯನಿಗೂ ನಷ್ಟವಾಗುತ್ತದೆ ಎಂಬುದರಿಂದ ಈ ದೋಷ ಪೂರ್ತಿ ಪರಿಹಾರವಾಗುವುದಿಲ್ಲ.

ಇನ್ನೊಂದು ಕೊರತೆ ನೆಲಕ್ಕೆ ಸಂಬಂಧಿಸಿದುದು. ಇದೇ ಕರಾವಳಿಯ ಪಂಜೆ ಮಂಗೇಶರಾಯರು (1874–1937) ಮಕ್ಕಳಿಗೆ ಬರೆದಾಗ ಪರದೇಶದ ಕಿಂದರಿಜೋಗಿಯ ಕಥೆ 'ಇಲಿಗಳ ಥಕಥೈ' ಆಗಿ ಕನ್ನಡದ ಕುಣಿತವನ್ನು ಪಡೆಯಿತು. ಒಣಗಲು ಹಾಕಿದ ಸಿಗಡಿಯೂ ಕಥೆಯ ವಸ್ತುವಾಯಿತು. 'ಟಿಂಕಲ್' ಇಡೀ ದೇಶದ ಮಕ್ಕಳನ್ನು ಉದ್ದೇಶಿಸಿದ ಕಾರಣ, ಅದರ ಊರುಗಳಿಗೆ ಬಹುಮಟ್ಟಿಗೆ ಹೆಸರಿಲ್ಲ. ಅದರ ಕಾಡು ಯಾವ ಘಟ್ಟದ್ದೂ ಅಲ್ಲ. ಎಲ್ಲರಿಗೂ ಸಲ್ಲುವ ಭಾಷೆಯನ್ನು ಅರಸುವಾಗ ಯಾರೊಬ್ಬರ ಮನೆಮಾತೂ ಉಳಿಯದ ಅಪಾಯವಿದೆ. ಕಾರ್ಕಳದಿಂದ ಹೊರಟ ಪ್ರತಿಭೆಯ ಪುಟಗಳಲ್ಲಿ ಕಾರ್ಕಳದ ಸುಳಿವು ಸಿಗುವುದು ಕಷ್ಟ.

ಹೀಗಿದ್ದೂ ಈ ವಿಶೇಷಾಂಕಗಳ ಕೊಡುಗೆಯನ್ನು ಅಲ್ಲಗಳೆಯಲಾಗದು. ಮಕ್ಕಳಿಗೆ ಪರಂಪರೆಯನ್ನು ಕಲಿಸಲು ಹೊರಟ ಸಂಪಾದಕರೇ, ಏನನ್ನೂ ಕಲಿಯದ ಪಾತ್ರಗಳಿಗೂ ಎಡೆ ಕೊಟ್ಟರು. ಆದರ್ಶದ ಪಕ್ಕದಲ್ಲಿ ಪೆದ್ದುತನಕ್ಕೂ ಚಾಪೆ ಹಾಸಿದ ಈ ಔದಾರ್ಯವನ್ನು ಕನ್ನಡದ ಮಕ್ಕಳ ಪತ್ರಿಕೆಗಳು ಸ್ವೀಕರಿಸಬೇಕು. ಹಾಗೆ ಸ್ವೀಕರಿಸುವಾಗ ಆ ಚಾಪೆಯನ್ನು ನಮ್ಮದೇ ಜಗಲಿಯ ಮೇಲೆ ಹಾಸಬೇಕು.